ಆರು ಗುಂಡಿ, ಐದು ಇಟ್ಟಂಗಿ: ಚಿತ್ತಾಪುರ ತಾಲ್ಲೂಕಿನ ಒಂದು ಗಣಿತ ತರಗತಿಯ ಪ್ರಕರಣ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ. ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ, ಕಲ್ಲಿನ ಗಣಿಗಳಿಗೆ ಹೋಗುವವರು, ಹೊಲದಲ್ಲಿ ತೊಗರಿ ಬೆಳೆಯುವವರು, ವರ್ಷದಲ್ಲಿ ಕೆಲವು ತಿಂಗಳು ಹೈದರಾಬಾದಿಗೋ ಪುಣೆಗೋ ಗೌಂಡಿ ಕೆಲಸಕ್ಕೆ ಹೋಗುವವರು: ಮಕ್ಕಳ ಮನೆಗಳು ಇಂಥವು. ಎಂಟನೇ ತರಗತಿಯಲ್ಲಿ ನಲವತ್ತರ ಆಸುಪಾಸು ಮಕ್ಕಳಿದ್ದಾರೆ. ಮನೆಮಾತು ಕೆಲವರದು ಕನ್ನಡ, ಕೆಲವರದು ಲಂಬಾಣಿ, ಕೆಲವರದು ಉರ್ದು. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ ಒಬ್ಬರೇ. ಗಣಿತವೂ ಅವರದೇ, ವಿಜ್ಞಾನದ ಭೌತಶಾಸ್ತ್ರದ ಪಾಠಗಳೂ ಅವರವೇ. ಹಾಗಾಗಿ ಈ ಪ್ರಕರಣದಲ್ಲಿ ಎರಡು ವಿಷಯಗಳು ಒಂದೇ ಕೋಣೆಯಲ್ಲಿ ಬೆರೆತಿವೆ.

ನಾನು ಪಕ್ಕದ ಊರಿನ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಬಿಡುವಿದ್ದಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಮೇಡಂ ಜೊತೆ ಮಾತಾಡಿದೆ, ಮಕ್ಕಳ ಚೀಟಿಗಳನ್ನು ಓದಿದೆ. ಈ ಬರಹ ಅದರ ಮೇಲೆ ನಿಂತಿದೆ.

ಸಮಸ್ಯೆ ಯಾವ ಗಣಿತ ಶಿಕ್ಷಕರಿಗೂ ಹೊಸದಲ್ಲ. (a+b)² ಎಷ್ಟು ಅಂದರೆ ಇಡೀ ತರಗತಿ ಒಟ್ಟಿಗೆ ಹಾಡುತ್ತದೆ: a² + 2ab + b². ಟೆಸ್ಟಿನಲ್ಲಿ (x+3)² ಬಿಡಿಸಿ ಅಂದರೆ ಅರ್ಧಕ್ಕಿಂತ ಜಾಸ್ತಿ ಮಂದಿ x² + 9 ಅಂತ ಬರೆಯುತ್ತಾರೆ. ನೂರು ಸಲ ಕೆಂಪು ಗೆರೆ ಎಳೆದರೂ ಅದು ಮತ್ತೆ ಬರುತ್ತದೆ. ಘನಫಲದ ಪಾಠದಲ್ಲೂ ಅದೇ ಕಥೆ. ಉದ್ದ ಗುಣಿಸು ಅಗಲ ಗುಣಿಸು ಎತ್ತರ ಅನ್ನುವುದು ಬಾಯಲ್ಲಿದೆ. ಘನದ ಬದಿ ಎರಡು ಪಟ್ಟಾದರೆ ಘನಫಲ ಎಷ್ಟು ಪಟ್ಟು ಅಂತ ಕೇಳಿದರೆ ಉತ್ತರ ಎರಡು.

ಇದರ ಮೇಲೆ ಫಲಿತಾಂಶದ ಒತ್ತಡ ಬೇರೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತದ್ದು ನಮ್ಮದೇ ಜಿಲ್ಲೆ. ಅದಕ್ಕೂ ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಇಂಥ ಹೊತ್ತಿನಲ್ಲಿ ಪ್ಲಾಸ್ಟಿಕ್ ಆಟಿಕೆ ಹಿಡಿದು ತರಗತಿಗೆ ಹೋಗುವುದು ಸುಲಭದ ಮಾತಲ್ಲ.

ಪೆಟ್ಟಿಗೆ ಬಂತು

ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಲ್ಲಿದ್ದಾರೆ. ತಮ್ಮ ಮಕ್ಕಳು ಆಡಿ ಬಿಟ್ಟ ಬ್ಲಾಕ್‌ಗಳನ್ನು, ಪರಿಚಯದವರಿಂದ ಕೂಡಿಸಿದ ಇನ್ನಷ್ಟನ್ನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರು. ಒಂದಷ್ಟು ಲೆಗೊ ಕಂಪನಿಯವು. ಉಳಿದವು ಅದೇ ಅಳತೆಯ, ಹೆಸರಿಲ್ಲದ ಅಗ್ಗದ ಮಾಲು. ಮಕ್ಕಳು ನೋಡಿದ ಕೂಡಲೇ ಅವುಗಳನ್ನು ಇಟ್ಟಂಗಿ ಅಂದರು, ಮೇಲಿನ ಉಬ್ಬುಗಳನ್ನು ಗುಂಡಿ ಅಂದರು. ಮೇಡಂ ಕೂಡ ಅದನ್ನೇ ಬಳಸಿದರು. ನಾನೂ ಮುಂದೆ ಹಾಗೇ ಬರೆಯುತ್ತೇನೆ. ಎಂಟು ಗುಂಡಿಯ, ಅಂದರೆ ಎರಡು ಸಾಲು, ಸಾಲಿಗೆ ನಾಲ್ಕು ಗುಂಡಿ ಇರುವುದು ದೊಡ್ಡ ಇಟ್ಟಂಗಿ. ನಾಲ್ಕು ಗುಂಡಿಯದು, ಅಂದರೆ ಎರಡು ಸಾಲು, ಸಾಲಿಗೆ ಎರಡು ಇರುವುದು ಸಣ್ಣದು.

ಮೊದಲ ಕೆಲವು ಪಿರಿಯಡ್‌ಗಳಲ್ಲಿ ಗಣಿತ ನಡೆಯಲಿಲ್ಲ. ಮನೆ, ಟ್ರ್ಯಾಕ್ಟರ್, ಗುಡಿ, ಬಂದೂಕು ಎದ್ದವು. ಗದ್ದಲಕ್ಕೆ ಪಕ್ಕದ ತರಗತಿಯ ಮಾಸ್ತರು ಎರಡು ಸಲ ಬಾಗಿಲಿಗೆ ಬಂದು ಹೋದರು. ಆಟದ ನಡುವೆ ಮೇಡಂ ಕೇಳಿದ ಪ್ರಶ್ನೆಗಳಿಗೆ ಯಾರೂ ತಲೆ ಎತ್ತಲಿಲ್ಲ. ಕೈಗೆ ಸಾಮಾನು ಕೊಟ್ಟರೆ ಮಕ್ಕಳು ತಾವಾಗೇ ಕಲಿಯುತ್ತಾರೆ ಅನ್ನುವ ಮಾತನ್ನು ನಮ್ಮ ತರಬೇತಿಗಳಲ್ಲಿ ಬಹಳ ಕೇಳಿದ್ದೇವೆ. ಆ ಮಾತಿಗೆ ಇಲ್ಲಿ ಆಧಾರ ಸಿಗಲಿಲ್ಲ. ಮಕ್ಕಳು ಕಲಿತದ್ದು ಟ್ರ್ಯಾಕ್ಟರ್ ಕಟ್ಟುವುದನ್ನು. ಅದೂ ಒಳ್ಳೆಯದೇ, ಆದರೆ ಅದಕ್ಕೆ ಗಣಿತದ ಪಿರಿಯಡ್ ಯಾಕೆ?

ಆಮೇಲೆ ಮೇಡಂ ಒಂದು ನಿಯಮ ತಂದರು. ಮೊದಲು ಬರಿ, ಆಮೇಲೆ ಮುಟ್ಟು. ಪ್ರಶ್ನೆ ಹಲಗೆಯ ಮೇಲೆ ಬರುತ್ತದೆ. ಪ್ರತಿ ಮಗುವೂ ಒಂದು ಚೀಟಿಯಲ್ಲಿ ತನ್ನ ಉತ್ತರ ಬರೆದು ಹೆಸರು ಹಾಕಿ ಮುಂದೆ ಇಡಬೇಕು. ಗುಂಪಿನ ನಾಲ್ವರ ಚೀಟಿಯೂ ಬಂದ ಮೇಲೇ ಆ ಗುಂಪಿನ ಇಟ್ಟಂಗಿ ಚೀಲ ಕೈಗೆ ಸಿಗುತ್ತದೆ. ಉತ್ತರ ತಪ್ಪಿದರೆ ದಂಡವಿಲ್ಲ, ಖಾಲಿ ಚೀಟಿಗೆ ಮಾತ್ರ ಚೀಲವಿಲ್ಲ. ಈ ಪ್ರಕರಣದಲ್ಲಿ ಏನಾದರೂ ಬದಲಾಗಿದ್ದರೆ ಅದು ಈ ಚೀಟಿಯಿಂದ ಅಂತ ನನ್ನ ಅಭಿಪ್ರಾಯ. ಒಂದು ಸಂಖ್ಯೆಯನ್ನು ತನ್ನ ಕೈಯಲ್ಲೇ ಬರೆದಿಟ್ಟ ಮಗು ಅದು ನಿಜವೋ ಸುಳ್ಳೋ ಅಂತ ನೋಡಲು ಕಟ್ಟುತ್ತದೆ. ಬರೆಯದ ಮಗು ಸುಮ್ನೆ ಕಟ್ಟುತ್ತದೆ.

ಘನ ಆಗದ ಘನ

ಮೊದಲ ಪ್ರಶ್ನೆ ಸರಳವಾಗಿತ್ತು: ಒಂದು ಘನ ಕಟ್ಟಬೇಕು, ಎಷ್ಟು ಇಟ್ಟಂಗಿ ಬೇಕು? ಎಲ್ಲಾ ಗುಂಪಿನದೂ ಒಂದೇ ಯೋಚನೆ. ನಾಲ್ಕು ಗುಂಡಿ ಉದ್ದ, ನಾಲ್ಕು ಗುಂಡಿ ಅಗಲ, ನಾಲ್ಕು ಇಟ್ಟಂಗಿ ಎತ್ತರ. ಒಂದು ವರಸೆಗೆ ಎರಡು ದೊಡ್ಡ ಇಟ್ಟಂಗಿ, ನಾಲ್ಕು ವರಸೆಗೆ ಎಂಟು. ಚೀಟಿಗಳಲ್ಲಿ ಎಂಟು ಅಂತ ಬಂತು. ಕಟ್ಟಿದರು. ಮುಗೀತು ಅಂದುಕೊಂಡರು.

ಮೇಡಂ ಅದನ್ನು ಎತ್ತಿ ಮೇಜಿನ ಮೇಲೆ ಅಡ್ಡ ಮಲಗಿಸಿದರು. ಘನವಾದರೆ ಹೇಗೆ ಮಲಗಿಸಿದರೂ ಒಂದೇ ಎತ್ತರ ಇರಬೇಕು. ಇರಲಿಲ್ಲ. "ಉದ್ದ ಆಗ್ಯಾದ್ರಿ ಮೇಡಂ" ಅಂತ ಹಿಂದಿನಿಂದ ಒಬ್ಬ ಕೂಗಿದ.

ಇಲ್ಲಿಂದ ಅಳೆಯುವ ಕೆಲಸ ಶುರುವಾಯಿತು. ಒಂದೇ ಇಟ್ಟಂಗಿಯನ್ನು ಶಾಲೆಯ ಸ್ಕೇಲಿನಲ್ಲಿ ಅಳೆದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹತ್ತು ಗುಂಡಿ ಉದ್ದಕ್ಕೆ ಜೋಡಿಸಿ ಅಳೆಯಿರಿ, ಹತ್ತು ಇಟ್ಟಂಗಿ ಪೇರಿಸಿ ಅಳೆಯಿರಿ, ಮೇಲಿನ ಗುಂಡಿಯ ಎತ್ತರ ಬಿಡಿ ಅಂದರು. ಉದ್ದ 8 ಸೆಂಟಿಮೀಟರ್ ಬಂತು. ಎತ್ತರ 9.6. ಅಂದರೆ ಗುಂಡಿಯಿಂದ ಗುಂಡಿಗೆ 8 ಮಿಲಿಮೀಟರ್, ಒಂದು ವರಸೆಯ ಎತ್ತರ 9.6 ಮಿಲಿಮೀಟರ್. ಇದು ಲೆಗೊದ ನಿಜವಾದ ಅಳತೆಯೇ. ಡೆನ್ಮಾರ್ಕಿನ ಬಿಲುಂಡ್ ಊರಿನ ಆ ಕಂಪನಿ ಈ ಜೋಡಣೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಹಾಕಿತು. ಆವತ್ತಿನ ಇಟ್ಟಂಗಿ ಇವತ್ತಿನದರ ಮೇಲೂ ಕೂರುತ್ತದೆ. ಅಚ್ಚಿನಲ್ಲಿ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ಬಿಡದೆ ಮಾಡುವುದರಿಂದ ಅದು ಸಾಧ್ಯ.

ಎಂಟು ಮತ್ತು ಒಂಬತ್ತು ಪಾಯಿಂಟ್ ಆರು. ಹಾಗಾದರೆ ನಿಜವಾದ ಘನ ಯಾವುದು? ಎಷ್ಟು ಗುಂಡಿಗೆ ಎಷ್ಟು ವರಸೆ ಸರಿಹೋಗುತ್ತದೆ? ಮಕ್ಕಳು ಎರಡು ಪಟ್ಟಿ ಬರೆದರು. 8, 16, 24, 32, 40, 48. ಪಕ್ಕದಲ್ಲಿ 9.6, 19.2, 28.8, 38.4, 48. ಆರು ಗುಂಡಿ, ಐದು ವರಸೆ. ಐದನೇ ತರಗತಿಯಿಂದ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಮಾಡುತ್ತಾ ಬಂದ ಮಕ್ಕಳಿವರು. ಅದು ಯಾತಕ್ಕೆ ಬರುತ್ತದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನನ್ನ ಮಕ್ಕಳಿಗೆ ಗಂಟೆ ಬಾರಿಸುವ ಲೆಕ್ಕದ ಆಚೆ ಏನೂ ತೋರಿಸಿಲ್ಲ.

ಬ್ಲಾಕ್ ಸರಿಯಾದ ಘನವಾಗಿದ್ದಿದ್ದರೆ ಈ ಪಾಠವೇ ಹುಟ್ಟುತ್ತಿರಲಿಲ್ಲ. ಗಣಿತ ಕಲಿಸಲೆಂದೇ ಮಾಡಿದ ಒಂದು ಸೆಂಟಿಮೀಟರ್ ಘನಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಹೇಳಿದ ಮಾತು ಕೇಳುತ್ತವೆ. ಈ ಆಟಿಕೆ ಕೇಳುವುದಿಲ್ಲ. ಅಲ್ಲೇ ಮಕ್ಕಳು ಯಾಕೆ ಅಂತ ಕೇಳಿದ್ದು.

ಎರಡು ಇಟ್ಟಂಗಿಯ ತೂತು

ಆರು ಗುಂಡಿಗೆ ಆರು ಗುಂಡಿ ಅಂದರೆ ಒಂದು ವರಸೆಯಲ್ಲಿ 36 ಗುಂಡಿ. ದೊಡ್ಡ ಇಟ್ಟಂಗಿಯಲ್ಲಿ ಎಂಟು. ನಾಲ್ಕು ದೊಡ್ಡವು ಹಾಕಿದರೆ 32, ಇನ್ನೊಂದು ಸಣ್ಣದು ಹಾಕಿದರೆ 36. ಐದೇ ತುಂಡು. ಗುಂಪಿಗೆ ಇಷ್ಟೇ ಕೊಟ್ಟು, ಚೌಕ ಮಾಡಿ ಅಂದರು.

ಎರಡು ಥರ ಬಂತು. ಕೆಲವರು ಎರಡು ದೊಡ್ಡವನ್ನು ಪಕ್ಕಪಕ್ಕ ಇಟ್ಟು 4×4ರ ಚೌಕ ಮಾಡಿದರು. ಅದರ ಎರಡು ಬದಿಗೆ ಒಂದೊಂದು ದೊಡ್ಡದು, ಮೂಲೆಯಲ್ಲಿ ಸಣ್ಣದು. ಇನ್ನು ಕೆಲವರು ನಾಲ್ಕನ್ನೂ ಸುತ್ತಲೂ ತಿರುಗಿಸಿ ಇಟ್ಟು ಸಣ್ಣದನ್ನು ನಡುವೆ ಕೂರಿಸಿದರು.

ಮೊದಲನೆಯದನ್ನು ಮೇಡಂ ಹಿಡಿದುಕೊಂಡರು. a ಅಂದರೆ 4, b ಅಂದರೆ 2. ಇಡೀ ಚೌಕ (4+2)². ದೊಡ್ಡ ಚೌಕ 4², ಮೂಲೆಯದು 2². "ನಿಮ್ಮಲ್ಲಿ ಅರ್ಧ ಮಂದಿ ಟೆಸ್ಟಿನಾಗ ಇವೆರಡೇ ಬರದೀರಿ" ಅಂದು ಉಳಿದ ಎರಡು ಇಟ್ಟಂಗಿಗಳನ್ನು ತೆಗೆದರು. ಹದಿನಾರು ಗುಂಡಿಯ ಚೌಕ ಒಂದು ಕಡೆ, ನಾಲ್ಕು ಗುಂಡಿಯದು ಮೂಲೆಯಲ್ಲಿ ಒಂಟಿಯಾಗಿ, ನಡುವೆ ಎರಡು ತೂತು. 36ರ ಜಾಗದಲ್ಲಿ 20. ಕಳೆದುಹೋದ 16 ಗುಂಡಿ, ಎಂಟೆಂಟರ ಎರಡು ಇಟ್ಟಂಗಿ. ಅದೇ 2ab. ಒಬ್ಬ ಹುಡುಗಿ ತನ್ನ ಹಳೆಯ ಟೆಸ್ಟ್ ಪೇಪರ್ ತೆಗೆದು x² + 9 ನೋಡಿ ಜೋರಾಗಿ ನಕ್ಕಳು. "ಇಟ್ಟಂಗಿನೇ ಹಾಕಿಲ್ರಿ ನಾ" ಅಂದಳು.

ಎರಡನೆಯ ಜೋಡಣೆಯನ್ನು ಮೇಡಂ ಎದುರು ನೋಡಿರಲಿಲ್ಲವಂತೆ. ಸುತ್ತಲೂ ನಾಲ್ಕು ದೊಡ್ಡವು ಅಂದರೆ 4ab. ನಡುವಿನ ಸಣ್ಣ ಚೌಕದ ಬದಿ ಎರಡು ಗುಂಡಿ. ಅದು b ಅಂದರು ಮಕ್ಕಳು. ಅಲ್ಲ, ಅದು a−b. ಇಲ್ಲಿ 4 ಮತ್ತು 2 ಆಗಿದ್ದರಿಂದ b, a−b ಎರಡೂ 2 ಆಗಿಬಿಟ್ಟಿವೆ. ಇದು ಈ ಉದಾಹರಣೆಯ ದೊಡ್ಡ ತೊಡಕು. ಬೇರೆ ಅಳತೆ ತೆಗೆದುಕೊಂಡರೆ ಮಾತ್ರ ಎರಡೂ ಬೇರೆ ಅಂತ ಗೊತ್ತಾಗುತ್ತದೆ. a 5, b 2 ಆದರೆ ನಡುವೆ 3×3ರ ಚೌಕ ಉಳಿಯಬೇಕು. ಆದರೆ ಐದು ಗುಂಡಿ ಉದ್ದದ ಇಟ್ಟಂಗಿ ಪೆಟ್ಟಿಗೆಯಲ್ಲಿ ಇಲ್ಲವಲ್ಲ? ಆಗ ಮೇಡಂ ಚೌಕುಳಿ ಹಾಳೆ ಕೊಟ್ಟರು. ಇಟ್ಟಂಗಿ ಸಾಲದೆ ಬಂದಲ್ಲಿ ಪೆನ್ಸಿಲ್ ಬಂತು. ಮಕ್ಕಳು ಗೊಣಗಲಿಲ್ಲ, ಯಾಕೆಂದರೆ ಹಾಳೆ ಯಾಕೆ ಬೇಕಾಯಿತು ಅಂತ ಅವರಿಗೇ ಗೊತ್ತಿತ್ತು.

ಘನ ಕಟ್ಟುವಾಗ ಇನ್ನೊಂದು ಸಂಗತಿ ನಡೆಯಿತು. ಅರ್ಧ ತರಗತಿ ಒಂದು ಕಡೆ, ಅರ್ಧ ಇನ್ನೊಂದು ಕಡೆ ಕೂತು ಐದು ವರಸೆ ಕಟ್ಟಬೇಕಿತ್ತು. ಒಂದು ಕಡೆಯವರು ಸುತ್ತು ಜೋಡಣೆಯನ್ನೇ ಹಾಗೇ ಐದು ಸಲ ಪೇರಿಸಿದರು. ಎತ್ತಲು ಹೋದರೆ ಐದು ಕಂಬಗಳಾಗಿ ಬಿಚ್ಚಿಕೊಂಡಿತು. ಆಚೆ ಗುಂಪಿನಲ್ಲಿ ಗೌಂಡಿಯ ಮಗನೊಬ್ಬನಿದ್ದ. ಅವನು ಎರಡನೇ ವರಸೆಗೇ ತಡೆದಿದ್ದ. "ಸಂದಿನ ಮ್ಯಾಲ ಸಂದು ಬರಬಾರ್ದು, ಗ್ವಾಡಿ ಸೀಳ್ತದ" ಅಂತ. ಒಂದು ವರಸೆ ಬಲಕ್ಕೆ ತಿರುಗಿಸಿದರೆ ಮುಂದಿನದನ್ನು ಎಡಕ್ಕೆ ತಿರುಗಿಸಿ ಕಟ್ಟಿದರು. ಆ ಘನ ಗಟ್ಟಿಯಾಗಿ ನಿಂತಿತು. ಗಣಿತದಲ್ಲಿ ಅವನ ಅಂಕ ಯಾವಾಗಲೂ ಕಡಿಮೆ. ಮುಂದಿನ ಟೆಸ್ಟಿನಲ್ಲೂ ಕಡಿಮೆಯೇ ಬಂತು, ಅದನ್ನು ಮುಚ್ಚಿಡುವುದು ಬೇಡ. ಕಟ್ಟುವುದರಲ್ಲಿ ಎಲ್ಲರಿಗಿಂತ ಮುಂದಿದ್ದವನಿಗೆ ಅಕ್ಷರ ಬಂದ ಕೂಡಲೇ ಕೈ ನಿಲ್ಲುತ್ತದೆ. ಇಟ್ಟಂಗಿ ಅವನ ತೊಂದರೆ ಎಲ್ಲಿದೆ ಅಂತ ತೋರಿಸಿತು. ಪರಿಹರಿಸಲಿಲ್ಲ.

ಇಪ್ಪತ್ತನಾಲ್ಕು

ನಡುವೆ ಒಂದು ಸಣ್ಣ ಲೆಕ್ಕ. ಒಂದು ದೊಡ್ಡ ಇಟ್ಟಂಗಿಯ ಮೇಲೆ ಇನ್ನೊಂದನ್ನು ಎಷ್ಟು ಥರ ಕೂರಿಸಬಹುದು? ಚೀಟಿಗಳಲ್ಲಿ 8, 10, 16 ಎಲ್ಲಾ ಬಂದವು. ಒಂದೇ ದಿಕ್ಕಿನಲ್ಲಿ ಇಟ್ಟರೆ ಉದ್ದಕ್ಕೆ ಸರಿಸುವ ಜಾಗ 7, ಅಡ್ಡಕ್ಕೆ 3, ಒಟ್ಟು 21. ಅಡ್ಡ ತಿರುಗಿಸಿದರೆ 5×5, 25. ಕೂಡಿಸಿದರೆ 46. ಆದರೆ ಜೋಡಿಯನ್ನು ಅರ್ಧ ಸುತ್ತು ತಿರುಗಿಸಿದಾಗ ಎರಡೆರಡು ಒಂದೇ ಆಗಿಬಿಡುತ್ತವೆ. ನಟ್ಟನಡುವೆ ಕೂತವು ಮಾತ್ರ ಒಂಟಿ. ಹಾಗಾಗಿ 11 ಮತ್ತು 13, ಒಟ್ಟು 24. ಇದನ್ನು ಮಕ್ಕಳು ಪೂರ್ತಿ ತಾವೇ ಮುಟ್ಟಲಿಲ್ಲ. 46ರವರೆಗೆ ಬಂದರು, ಆಮೇಲೆ ಮೇಡಂ ತಿರುಗಿಸಿ ತೋರಿಸಿದರು.

ಆರು ಇಟ್ಟಂಗಿಯಾದರೆ? 91,51,03,765. ಇದನ್ನು ಲೆಕ್ಕ ಹಾಕಿದ್ದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞರು. ಅದಕ್ಕೂ ಮೊದಲು ಕಂಪನಿ ಹೇಳುತ್ತಿದ್ದದ್ದು 10,29,81,500. ಅದರಲ್ಲಿ ಒಂದರ ಮೇಲೊಂದು ಆರು ಅಂತಸ್ತು ನಿಂತವು ಮಾತ್ರ ಸೇರಿದ್ದವು. ಐದು 46ಗಳನ್ನು ಒಂದಕ್ಕೊಂದು ಗುಣಿಸಿ ಅರ್ಧ ಮಾಡಿ ನೋಡಿ, ಅದರ ಹತ್ತಿರಕ್ಕೇ ಬರುತ್ತೀರಿ. ಇದನ್ನು ಮನೆಗೆಲಸವಾಗಿ ಕೊಟ್ಟಾಗ ಗುಣಾಕಾರ ಎಂದರೆ ಮುಖ ಸಿಂಡರಿಸುವವರೂ ಮಾಡಿಕೊಂಡು ಬಂದರು.

ಆ ದಿನ ಮೇಡಂ ಮಳಖೇಡದ ಮಾತು ತೆಗೆದರು. ನೆರೆಯ ಸೇಡಂ ತಾಲ್ಲೂಕು, ಕಾಗಿಣಾ ದಂಡೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿ. ಅವನ ಕಾಲದ ಮಹಾವೀರಾಚಾರ್ಯ ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅನ್ನುವುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟ ಗಣಿತಜ್ಞ. ಮಳಖೇಡದ ಕೋಟೆ ನೋಡಿದ ಮಕ್ಕಳಿದ್ದರು. ಅಲ್ಲಿಗೂ ಗಣಿತಕ್ಕೂ ಸಂಬಂಧ ಇದೆ ಅಂತ ಕೇಳಿದ್ದು ಅದೇ ಮೊದಲು.

ತೂಗುವ ತೊಲೆ

ನನ್ನ ಪ್ರಕಾರ ಇಡೀ ಪ್ರಕರಣದ ಅತ್ಯಂತ ಒಳ್ಳೆಯ ಭಾಗ ಇದು. ಪಠ್ಯದಲ್ಲಿ "ಬಲ ಮತ್ತು ಒತ್ತಡ" ಇದೆ. ಬಲ ಎಲ್ಲಿ ಬೀಳುತ್ತದೆ ಅನ್ನುವುದೂ ಮುಖ್ಯ ಅಂತ ತೋರಿಸಲು ಮೇಡಂ ಒಂದು ತೊಲೆ ಕಟ್ಟಿಸಿದರು. ಕೆಳಗೆ ಆರು ದೊಡ್ಡ ಇಟ್ಟಂಗಿ ಉದ್ದಕ್ಕೆ. ಮೇಲೆ ಸಂದು ಮುಚ್ಚುವಂತೆ ಐದು ದೊಡ್ಡವು, ಎರಡು ತುದಿಗೆ ಒಂದೊಂದು ಸಣ್ಣದು. ಒಟ್ಟು 24 ಗುಂಡಿ ಉದ್ದ. ನಟ್ಟನಡುವಿನ ಗೆರೆ 12ನೇ ಮತ್ತು 13ನೇ ಗುಂಡಿಯ ನಡುವೆ.

ಮೊದಲು ತೊಲೆಯನ್ನು ಪೆನ್ಸಿಲಿನ ಮೇಲೆ ನಿಲ್ಲಿಸಿ ಮೇಲೆ ಇಟ್ಟಂಗಿ ಹೇರಿದರು. ನಿಲ್ಲಲೇ ಇಲ್ಲ. ಎರಡು ಕಡೆ ಸಮ ಇದ್ದರೂ ಧಪ್ಪಂತ ಒಂದು ಕಡೆ ಬೀಳುತ್ತಿತ್ತು. ಸಮ ಇದ್ದರೆ ಸಮ ನಿಲ್ಲಬೇಕು ಅಂತ ಚೀಟಿ ಬರೆದವರಿಗೆ ಸಿಟ್ಟೇ ಬಂತು. ಇದನ್ನು ಬಿಡಿಸಲು ಒಂದಿಡೀ ಪಿರಿಯಡ್ ಹೋಯಿತು. ಭಾರ ಆಧಾರಕ್ಕಿಂತ ಮೇಲಿದ್ದರೆ ತೊಲೆ ಸ್ವಲ್ಪ ವಾಲಿದರೂ ಭಾರ ವಾಲಿದ ಕಡೆಗೇ ಸರಿದು ಇನ್ನೂ ವಾಲಿಸುತ್ತದೆ. ಭಾರ ಕೆಳಗಿದ್ದರೆ ವಾಲಿದ್ದನ್ನು ವಾಪಸ್ ಎಳೆಯುತ್ತದೆ. ಅಂಗಡಿಯ ಹಳೇ ತಕ್ಕಡಿಯಲ್ಲಿ ತಟ್ಟೆಗಳು ಕೆಳಗೆ ಯಾಕೆ ತೂಗಾಡುತ್ತಿದ್ದವು ಅಂತ ಒಬ್ಬಳು ಕೇಳಿದಾಗ ದಾರಿ ಸಿಕ್ಕಿತು. ತೊಲೆಯ ನಡುವಿಗೆ ದಾರ ಕಟ್ಟಿ ನೇತು ಹಾಕಿದರು. ಇಟ್ಟಂಗಿಗಳನ್ನು ತೊಲೆಯ ಕೆಳಗಡೆಗೆ ಒತ್ತಿ ಕೂರಿಸಿದರು. ಈ ಆಟಿಕೆಯ ತಳ ಟೊಳ್ಳಾಗಿರುವುದರಿಂದ ಕೆಳಗಿನಿಂದಲೂ ಜೋಡಿಸಬಹುದು. ತೊಲೆ ಸ್ವಲ್ಪ ಆಡಿ ನಿಂತುಕೊಂಡಿತು.

ಸಣ್ಣ ಇಟ್ಟಂಗಿಗೆ ಒಂದು ಅನುಕೂಲವಿದೆ. ಅದು ತೊಲೆಯ ಉದ್ದಕ್ಕೆ ಎರಡು ಗುಂಡಿ ಹಿಡಿಯುತ್ತದೆ, ಹಾಗಾಗಿ ಅದರ ನಡು ಯಾವಾಗಲೂ ಎರಡು ಗುಂಡಿಗಳ ನಡುವಿನ ಗೆರೆಯ ಮೇಲೆ ಬರುತ್ತದೆ. ತೊಲೆಯ ನಡುವಿನಿಂದ ಅದರ ದೂರ 1, 2, 3 ಹೀಗೆ ಪೂರ್ಣ ಸಂಖ್ಯೆಯಾಗಿ 11ರವರೆಗೆ ಸಿಗುತ್ತದೆ. ದಶಮಾಂಶದ ಗೋಜಿಲ್ಲ.

ಪ್ರಶ್ನೆ: ಎಡಕ್ಕೆ 3ರ ದೂರದಲ್ಲಿ ಎರಡು ಇಟ್ಟಂಗಿ. ಬಲಕ್ಕೆ ಒಂದೇ ಇದೆ, ಎಲ್ಲಿ ಹಚ್ಚಬೇಕು? ಮೊದಲ ಸುತ್ತಿನ ಚೀಟಿಗಳಲ್ಲಿ ಹೆಚ್ಚಿನವು 4 ಅಥವಾ 5. ಒಂದು ಜಾಸ್ತಿ ಇದ್ದರೆ ಸ್ವಲ್ಪ ದೂರ ಅನ್ನುವ ಯೋಚನೆ. ಹಚ್ಚಿ ನೋಡಿದರು. 6ಕ್ಕೆ ನಿಂತಿತು. ಮೂರು ಇಟ್ಟಂಗಿ 2ರಲ್ಲಿ? ಈ ಸಲ 6 ಬರೆದವರು ಜಾಸ್ತಿ. ಮೂರು ಇಟ್ಟಂಗಿ 3ರಲ್ಲಿ? 9. ಸೂತ್ರವನ್ನು ಹಲಗೆಯ ಮೇಲೆ ಯಾರೂ ಬರೆಯಲಿಲ್ಲ. ಗುಣಿಸಬೇಕು ಅನ್ನುವ ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು.

ಆಮೇಲೆ ಮೇಡಂ ನಾಲ್ಕು ಇಟ್ಟಂಗಿಯನ್ನು 3ರಲ್ಲಿ ಹಚ್ಚಿದರು. ಚೀಟಿಗಳಲ್ಲಿ ಎಲ್ಲಾ ಕಡೆ 12. ತೊಲೆಯಲ್ಲಿ 12 ಇಲ್ಲ. "ಜಾಗಾನೇ ಇಲ್ರಿ ಮೇಡಂ!"

ಒಬ್ಬ ಹುಡುಗ ಬಲತುದಿಗೆ ಒಂದು ದೊಡ್ಡ ಇಟ್ಟಂಗಿ ಅಂಟಿಸಿ ತೊಲೆ ಉದ್ದ ಮಾಡಿದ. 12ರ ಜಾಗ ಸಿಕ್ಕಿತು, ಆದರೆ ತೊಲೆ ಬಲಕ್ಕೆ ವಾಲಿತು. ಲೆಕ್ಕ ತಪ್ಪಾಯಿತು ಅಂತ ಕೆಲವರು ಚೀಟಿ ವಾಪಸ್ ಕೇಳಿದರು. ಲೆಕ್ಕ ತಪ್ಪಿಲ್ಲ, ಹಚ್ಚಿದ ಇಟ್ಟಂಗಿಗೂ ತೂಕ ಇದೆ ಅಂದಳು ಒಬ್ಬಳು. ಎಡಕ್ಕೂ ಅಂಥದ್ದೇ ಒಂದು ಹಚ್ಚಿ ಅಂದಳು. ನಿಂತಿತು. ಇನ್ನೊಂದು ಗುಂಪು ತೊಲೆ ಮುಟ್ಟದೆ ಎಡದ ನಾಲ್ಕನ್ನೂ 2ಕ್ಕೆ ಸರಿಸಿ ಬಲದ್ದನ್ನು 8ರಲ್ಲಿ ಇಟ್ಟಿತು. ಪ್ರಶ್ನೆಯನ್ನೇ ಬದಲಾಯಿಸಿದ್ದಕ್ಕೆ ಜಗಳವಾಯಿತು. ಜಗಳ ಭೌತಶಾಸ್ತ್ರದ್ದೇ ಆದ್ದರಿಂದ ಮೇಡಂ ಬಿಟ್ಟರು.

ಒಂದು ಎಚ್ಚರಿಕೆ. ಈ ಪ್ರಯೋಗಕ್ಕೆ ಎರಡು ಜಾತಿಯ ಇಟ್ಟಂಗಿ ಬೆರೆಸಬಾರದು. ತೂಕದಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ತುದಿಯಲ್ಲಿ ಅದು ದೊಡ್ಡದಾಗಿ ಕಾಣುತ್ತದೆ.

ತೂಕದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಒಂದು ದೊಡ್ಡ ಇಟ್ಟಂಗಿಯ ತೂಕ ನೋಡಲು ಮಕ್ಕಳು ಎದುರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಹೋದರು. ಸೊನ್ನೆ ತೋರಿಸಿತು. ಐವತ್ತು ಒಟ್ಟಿಗೆ ಇಟ್ಟಾಗ 115 ಗ್ರಾಂ. ಒಂದಕ್ಕೆ 2.3. ಅಲ್ಲಿಂದ ಮುಂದೆ ಇಟ್ಟಂಗಿ ಎಣಿಸುವ ತಲೆನೋವೂ ತಪ್ಪಿತು. ಗುಂಪಿನ ಚೀಲವನ್ನು ಕೊಡುವಾಗ, ವಾಪಸ್ ತೆಗೆದುಕೊಳ್ಳುವಾಗ ಶಾಲೆಯ ಬಿಸಿಯೂಟದ ತಕ್ಕಡಿಯಲ್ಲಿ ಇಟ್ಟರೆ ಸಾಕು. ಐದು ಗ್ರಾಂ ಕಡಿಮೆ ಬಂದರೆ ಎರಡು ಇಟ್ಟಂಗಿ ಯಾರದೋ ಜೇಬಿನಲ್ಲಿವೆ.

ತೇಲಿದ್ದು, ಮುಳುಗಿದ್ದು

ಒಂಬತ್ತನೇ ತರಗತಿಯ ಸಾಂದ್ರತೆಯ ಪಾಠಕ್ಕೂ ಅದೇ ಪೆಟ್ಟಿಗೆ ಹೋಯಿತು. ಬಕೆಟ್ ನೀರಿನಲ್ಲಿ ಇಟ್ಟಂಗಿಯನ್ನು ಮುಳುಗಿಸಿ, ಅಲುಗಿಸಿ, ಒಳಗಿನ ಗಾಳಿ ಗುಳ್ಳೆ ತೆಗೆದು ಕೈ ಬಿಡಬೇಕು. ಕೆಲವು ಮುಳುಗಿದವು, ಕೆಲವು ಮೇಲೆ ಬಂದವು. ಆಕಾರ ಒಂದೇ, ಅಳತೆ ಒಂದೇ. ಮುಳುಗಿದವು ಲೆಗೊ. ಅವುಗಳ ಎಬಿಎಸ್ ಪ್ಲಾಸ್ಟಿಕ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 1.05 ಗ್ರಾಂ ಆಸುಪಾಸು, ನೀರಿಗಿಂತ ಚೂರೇ ಜಾಸ್ತಿ. ತೇಲಿದವು ಅಗ್ಗದ ಮಾಲು. ಅಂಥವನ್ನು ಪಾಲಿಪ್ರೊಪಿಲೀನ್‌ನಂಥ ನೀರಿಗಿಂತ ಹಗುರವಾದ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ. ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಹಾಕಿದಾಗಲೂ ಲೆಗೊ ತಳದಲ್ಲೇ ಇತ್ತು. 100 ಗ್ರಾಂ ಆದಾಗ ಮೇಲೆದ್ದಿತು. ಉಪ್ಪು ಎಷ್ಟಕ್ಕೆ ಏಳುತ್ತದೆ ಅಂತ ಮೊದಲೇ ಚೀಟಿ ಬರೆಸಿದ್ದರು. ಪೆಟ್ಟಿಗೆಯ ಎರಡು ಜಾತಿಯ ಇಟ್ಟಂಗಿಗಳನ್ನು ಬೇರ್ಪಡಿಸುವ ಕೆಲಸವೂ ಇದರಿಂದಲೇ ಮುಗಿಯಿತು.

ಹಾಳೆಗೆ ದಾಟುವಾಗ

ಕೈಯಿಂದ ಚಿತ್ರಕ್ಕೆ, ಚಿತ್ರದಿಂದ ಅಕ್ಷರಕ್ಕೆ ಅನ್ನುವ ಮೂರು ಹೆಜ್ಜೆ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಹೇಳಿದ್ದು, ಬಿ.ಇಡಿ. ಓದಿದವರೆಲ್ಲಾ ಉತ್ತರ ಬರೆದದ್ದೇ. ಕಷ್ಟ ಇರುವುದು ಎರಡನೇ ಮತ್ತು ಮೂರನೇ ಹೆಜ್ಜೆಯ ನಡುವೆ. ಇಲ್ಲಿ ಚೌಕುಳಿ ಹಾಳೆಯವರೆಗೆ ಹೆಚ್ಚಿನವರು ಬಂದರು. (x+3)² ಕೇಳಿದಾಗ ಚೌಕ ಬರೆದು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲಿ ಬರೆದು ಕೂಡಿಸುವವರು ಈಗ ಬಹಳ. x² + 9 ಮೊದಲಿನಷ್ಟು ಕಾಣುವುದಿಲ್ಲ. ಆದರೆ (x−3)² ಬಂದರೆ ಚಿತ್ರ ಕೈಕೊಡುತ್ತದೆ. ಇಟ್ಟಂಗಿಯಲ್ಲಿ ಕಳೆಯುವುದನ್ನು ತೋರಿಸಬಹುದು, ಮೂಲೆಯನ್ನು ಎರಡು ಸಲ ಕಳೆದು ಒಂದು ಸಲ ಕೂಡಿಸುವುದು ತೋರಿಸಲು ಹೋದರೆ ಮಕ್ಕಳು ಇನ್ನೂ ಗೊಂದಲಕ್ಕೆ ಬೀಳುತ್ತಾರೆ. ಮೇಡಂ ಅಲ್ಲಿ ಇಟ್ಟಂಗಿ ಬಿಟ್ಟು ಗುಣಾಕಾರ ಮಾಡಿಸಿದರು. ಅದೇ ಸರಿ ಅಂತ ನನಗೂ ಅನಿಸುತ್ತದೆ. ಭಿನ್ನರಾಶಿಗೂ ಒಂದು ಸಲ ಪ್ರಯತ್ನಿಸಿ ಕೈಬಿಟ್ಟರು. ಎಂಟು ಗುಂಡಿಯಲ್ಲಿ ಅರ್ಧ, ಕಾಲು ಸಲೀಸು. ಮೂರನೇ ಒಂದು ಭಾಗ ಬಂದರೆ ಇಟ್ಟಂಗಿಗೆ ಉತ್ತರವಿಲ್ಲ.

ಮುಖ್ಯೋಪಾಧ್ಯಾಯರಿಗೆ ಮೊದಲಿನಿಂದಲೂ ಸಿಲಬಸ್ಸಿನ ಚಿಂತೆ. ಅದು ಸುಳ್ಳು ಚಿಂತೆಯಲ್ಲ. 40 ನಿಮಿಷದ ಪಿರಿಯಡ್‌ನಲ್ಲಿ ಹಂಚಲು, ವಾಪಸ್ ಪಡೆಯಲು ಹತ್ತು ನಿಮಿಷ ಹೋಗುತ್ತದೆ. ಮೇಡಂ ಎರಡು ಪಿರಿಯಡ್ ಒಟ್ಟಿಗೆ ಇರುವ ದಿನ ಮಾತ್ರ ಪೆಟ್ಟಿಗೆ ತೆಗೆಯುವುದು ಅಂತ ಒಪ್ಪಿಕೊಂಡರು. ಪಾಲಕರ ಸಭೆಯಲ್ಲಿ ಒಬ್ಬ ತಂದೆ "ಸಾಲಿಗೆ ಆಡಾಕ ಕಳಸ್ತೀವೇನ್ರಿ?" ಅಂತ ಕೇಳಿದರು. ಅವರ ಮಗಳೇ ಎದ್ದು ತೊಲೆ ಕಟ್ಟಿ, ಅಪ್ಪನ ಕೈಗೆ ಒಂದು ಇಟ್ಟಂಗಿ ಕೊಟ್ಟು, ಎಲ್ಲಿ ಹಚ್ಚುತ್ತೀರಿ ಅಂತ ಕೇಳಿದಳು. ಮೊದಲು ಚೀಟಿ ಬರೆಯಿರಿ ಅಂತಲೂ ಹೇಳಿದಳು. ಅವರು 5 ಬರೆದರು. ಎರಡು ಇಟ್ಟಂಗಿ 4ರಲ್ಲಿ ಇದ್ದವು.

ಈ ವರ್ಷದ ಎಂಟನೇ ತರಗತಿಗೆ ಘನ, ಎರಡು ಇಟ್ಟಂಗಿಯ ತೂತು ಮತ್ತು ತೊಲೆ, ಈ ಮೂರನ್ನು ಮಾತ್ರ ಉಳಿಸಿಕೊಂಡಿದ್ದಾರೆ. 24ರ ಲೆಕ್ಕ ಆಸಕ್ತಿ ಇದ್ದವರಿಗೆ ಶನಿವಾರ. ನಾಲ್ಕು ಮಕ್ಕಳ ಒಂದು ಗುಂಪಿನ ಚೀಲದಲ್ಲಿ 13 ದೊಡ್ಡವು, 8 ಸಣ್ಣವು, ಒಂದು ಮೊಳ ದಾರ, ಖಾಲಿ ಚೀಟಿಗಳ ಒಂದು ಕಟ್ಟು. ತೊಲೆಗೆ 11 ದೊಡ್ಡವು, 2 ಸಣ್ಣವು ಹೋಗುತ್ತವೆ. ಉಳಿದ ಎರಡು ದೊಡ್ಡವು ತೊಲೆಯನ್ನು ಎರಡೂ ಕಡೆ ಉದ್ದ ಮಾಡಲು, ಆರು ಸಣ್ಣವು ಭಾರಕ್ಕೆ. ಘನಕ್ಕೆ ಎರಡು ಗುಂಪಿನ ಚೀಲ ಕೂಡಿಸಬೇಕು.